ಹಳ್ಳದ ಕಲ್ಲಿನಡಿ ಯಾರಿದ್ದಾರೆ?

ದೀಪಾವಳಿ ಕಳೆದು ಹಳ್ಳದ ನೀರು ತಿಳಿಯಾಗುತ್ತದಲ್ಲ, ಆಗ ಒಂದು ಕೆಲಸ ಮಾಡಿ ನೋಡಿ. ಜುಳುಜುಳು ಹರಿಯುವ ಕಡೆ ನೀರಿಗಿಳಿದು ಒಂದು ಕಲ್ಲನ್ನು ನಿಧಾನವಾಗಿ ಎತ್ತಿ, ಅದರ ಅಡಿಭಾಗ ನೋಡಿ. ಮೊದಲಿಗೆ ಎಂತದೂ ಕಾಣುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಕಲ್ಲೇ ಹರಿದಾಡಿದ ಹಾಗಾಗುತ್ತದೆ.

ಚಪ್ಪಟೆ ಮೈ, ಹಿಂದೆ ಕೂದಲಿನಂಥ ಮೂರು ಬಾಲ, ಹೊಟ್ಟೆಯ ಎರಡೂ ಬದಿಗೆ ಅಲ್ಲಾಡುವ ಕಿವಿರು ಇದ್ದರೆ ಅದು ಮೇಫ್ಲೈ ಎಂಬ ಕೀಟದ ಮರಿ. ಎರಡೇ ಬಾಲ, ಪ್ರತಿ ಕಾಲಿನ ತುದಿಗೆ ಎರಡೆರಡು ಉಗುರು ಇದ್ದರೆ ಸ್ಟೋನ್‌ಫ್ಲೈ. ಮರಳಿನ ಕಾಳುಗಳನ್ನು ತನ್ನದೇ ನೂಲಿನಿಂದ ಅಂಟಿಸಿ, ಕೊಳವೆ ಮನೆ ಕಟ್ಟಿಕೊಂಡು ಒಳಗೆ ಕೂತದ್ದು ಕ್ಯಾಡಿಸ್. ಏರೋಪ್ಲೇನ್ ಚಿಟ್ಟೆ ಬಾಲ್ಯ ಕಳೆಯುವುದೂ ನೀರಿನ ತಳದಲ್ಲೇ. ಭಂಡಿಗಡಿ ಕಡೆಯ ನಾವು ಇವನ್ನೆಲ್ಲ ಸೇರಿಸಿ 'ನೀರಿನ ಹುಳ' ಅಂದು ಮುಗಿಸುತ್ತೇವೆ. ಕಲ್ಲೇಡಿಗೆ ಮಾತ್ರ ಬೇರೆ ಹೆಸರು. ಅದನ್ನು ತಿನ್ನುವವರಿದ್ದಾರಲ್ಲ, ಅದಕ್ಕೇ ಇರಬೇಕು!

ಇವುಗಳ ಸುದ್ದಿ ಯಾಕೆ ಅಂದರೆ, ನಮ್ಮಲ್ಲಿ ಎಷ್ಟೋ ಮನೆಗಳ ಅಡುಗೆಮನೆಗೆ ಬರುವುದು ಗುಡ್ಡದ ಅಬ್ಬಿ ನೀರು. ಹಿಂದೆ ಅಡಿಕೆ ದಬ್ಬೆಯಲ್ಲಿ ಬರುತ್ತಿತ್ತು, ಈಗ ಪೈಪು. ಆ ನೀರನ್ನು ಬಾಟಲಿಯಲ್ಲಿ ತುಂಬಿಸಿ ಲ್ಯಾಬಿಗೆ ಕಳಿಸಿದರೆ ತುಂಬಿಸಿದ ಗಳಿಗೆಯ ವಿಷಯ ಗೊತ್ತಾಗುತ್ತದೆ, ಅಷ್ಟೇ. ನಿನ್ನೆ ರಾತ್ರಿ ಯಾರೋ ಬಿಟ್ಟದ್ದು ಅಷ್ಟರಲ್ಲಿ ಹರಿದು ಹೋಗಿರುತ್ತದೆ. ಹುಳಗಳು ಹಾಗಲ್ಲ. ತಿಂಗಳುಗಟ್ಟಲೆ ಅದೇ ಕಲ್ಲಿನಡಿ ಇರುತ್ತವೆ, ಮೀನಿನ ಹಾಗೆ ದೂರ ಓಡಲಾರವು. ಬಂದದ್ದನ್ನೆಲ್ಲ ಅನುಭವಿಸಲೇಬೇಕು.

ಇದನ್ನೇ ನೋಡಿ ಬ್ರಿಟನ್ನಿನವರು 1970ರ ದಶಕದಲ್ಲಿ ಅಂಕ ಕೊಡುವ ಪದ್ಧತಿ ಮಾಡಿದರು. ಹೆಚ್ಚಿನ ಸ್ಟೋನ್‌ಫ್ಲೈಗಳಿಗೆ 10 ಅಂಕ, ಎರೆಹುಳದ ಜಾತಿಯ ಕೆಸರು ಹುಳಗಳಿಗೆ 1. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಅದನ್ನು ಇಲ್ಲಿನ ನದಿಗಳಿಗೆ ಹೊಂದಿಸಿಕೊಂಡಿತು. ಕಾಫಿ ಪಲ್ಪಿಂಗ್ ನೀರೋ ಕೊಟ್ಟಿಗೆ ನೀರೋ ಸೇರಿದರೆ ಅದು ಕೊಳೆಯುವಾಗ ನೀರಿನ ಆಮ್ಲಜನಕ ಖರ್ಚಾಗಿ, 10 ಅಂಕದವು ಮೊದಲು ಕಾಣೆಯಾಗುತ್ತವೆ. ಉಳಿಯುವುದು ಕೆಂಪು ರಕ್ತಹುಳ. ಅದರ ಮೈಯಲ್ಲಿ ನಮ್ಮ ಹಾಗೇ ಹಿಮೋಗ್ಲೋಬಿನ್ ಇದೆ, ಕಡಿಮೆ ಗಾಳಿಯಲ್ಲೂ ಬದುಕುತ್ತದೆ. ಹೂಳು ಬಂದರೂ ಕಷ್ಟವೇ, ಕಲ್ಲುಗಳ ಸಂದಿ ಮುಚ್ಚಿದರೆ ಇವುಗಳಿಗೆ ಮನೆಯೇ ಇಲ್ಲ. ಕುದುರೆಮುಖದ ಗಣಿ ನಡೆಯುತ್ತಿದ್ದಾಗ ಭದ್ರೆಗೆ ಇಳಿಯುತ್ತಿದ್ದ ಹೂಳು ಹಳಬರಿಗೆ ನೆನಪಿರುತ್ತದೆ. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಆ ಗಣಿ ನಿಂತಿತು.

ಆದರೆ ನನಗೆ ಹೆಚ್ಚು ಯೋಚನೆ ಹತ್ತಿರುವುದು ದೂರದ ಗಣಿಯದ್ದಲ್ಲ, ತೋಟದ ಮೈಲುತುತ್ತದ್ದು. ಕೊಳೆ ಔಷಧಿ ಬೇಡ ಅಂತ ಹೇಳುವ ಧೈರ್ಯ ಮಲೆನಾಡಿನಲ್ಲಿ ಯಾರಿಗೂ ಇಲ್ಲ, ನನಗೂ ಇಲ್ಲ. ಮೈಸೂರು ಸರ್ಕಾರದ ವಿಜ್ಞಾನಿ ಕೋಲ್ಮನ್ 1910ರ ಸುಮಾರಿಗೆ ಬೋರ್ಡೋ ಹೊಡೆಯುವುದನ್ನು ಕಲಿಸದಿದ್ದರೆ ನಮ್ಮ ಅಡಿಕೆ ಉಳಿಯುತ್ತಿತ್ತೋ ಇಲ್ಲವೋ! ಪ್ರಶ್ನೆ ಇರುವುದು ಡ್ರಮ್ಮು ತೊಳೆಯುವ ಜಾಗದ್ದು. "ಎಂತ ಆಗ್ತದೆ ಅಮ್ಮಾ, ಮಳೆನೀರಲ್ಲಿ ಕೊಚ್ಚಿ ಹೋಗ್ತದೆ" ಅನ್ನುತ್ತಾರೆ ಔಷಧಿ ಹೊಡೆಯುವವರು. ಲೆಕ್ಕ ಹಾಕಿ. 100 ಲೀಟರಿಗೆ 1 ಕೆ.ಜಿ. ಮೈಲುತುತ್ತ, 200 ಲೀಟರಿನ ಡ್ರಮ್ಮಿಗೆ 2 ಕೆ.ಜಿ. ಅದರಲ್ಲಿ ಅರ್ಧ ಕೆ.ಜಿ. ಬರೀ ತಾಮ್ರ. ಸುಣ್ಣ ಬೆರೆತ ಮೇಲೆ ಅದರ ಬಹುಪಾಲು ಕರಗದೆ ಗಸಿಯಾಗಿ ಡ್ರಮ್ಮಿನ ತಳದಲ್ಲಿ ಕೂರುತ್ತದೆ. ಹಳ್ಳದಲ್ಲಿ ತೊಳೆದರೆ ಅಲ್ಲೂ ಕೂರುವುದು ತಳದಲ್ಲೇ, ಹುಳಗಳ ಮನೆಯೊಳಗೇ.

ನಮಗೆ ಕುಡಿಯುವ ನೀರಿನಲ್ಲಿ ತಾಮ್ರದ ಕೊನೇ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಮೆದು ನೀರಿನಲ್ಲಿ ಅದರ ಹದಿನೈದರಲ್ಲೊಂದು ಪಾಲೇ ಎಷ್ಟೋ ಬಸವನಹುಳುಗಳಿಗೆ, ಮೇಫ್ಲೈ ಮರಿಗಳಿಗೆ ಪ್ರಾಣಕ್ಕೆ ಸಾಕು. ನಮ್ಮ ಮಳೆಹಳ್ಳಗಳದ್ದು ಮೆದು ನೀರೇ. ಅಂದರೆ ನಮಗೆ ಏನೂ ಆಗದ ನೀರಿನಲ್ಲಿ ಅವು ಸಾಯಬಹುದು. ಹುಳ ಹೋದರೆ ಅದನ್ನು ತಿನ್ನುವ ಮೀನಿಗೆ ಊಟವಿಲ್ಲ, ಕೊಳೆತ ಎಲೆಯನ್ನು ಚೂರು ಮಾಡುವವರೂ ಇಲ್ಲ.

ದೊಡ್ಡ ಖರ್ಚಿನ ಪರಿಹಾರವೇನೂ ಬೇಕಿಲ್ಲ. ಹಳ್ಳದಿಂದ ದೂರ, ತೋಟದ ಮೇಲಿನ ದರೆಯ ಹತ್ತಿರ ಒಂದು ಗುಂಡಿ ತೋಡಿ ಡ್ರಮ್ಮು, ಪೈಪು ಎಲ್ಲ ಅಲ್ಲೇ ತೊಳೆಯಬಹುದು. ಗಸಿ ಮಣ್ಣಿಗೆ ಅಂಟಿಕೊಂಡು ನಿಲ್ಲುತ್ತದೆ. ಈಗಾಗಲೇ ಹಳ್ಳದಲ್ಲಿ ತೊಳೆಯುವ ಜಾಗವಿದ್ದರೆ ಅದರ ಮೇಲ್ಗಡೆ ಐದು ಕಲ್ಲು, ಕೆಳಗಡೆ ಐದು ಕಲ್ಲು ಎತ್ತಿ, ಎಷ್ಟು ಬಗೆ ಹುಳ ಇವೆ ಅಂತ ಮಕ್ಕಳಿಂದ ಎಣಿಸಿ, ಬರೆದಿಡಿ. ನೋಡಿ ಆದ ಮೇಲೆ ಕಲ್ಲನ್ನು ಎಸೆಯಬೇಡಿ, ಮೊದಲು ಹೇಗಿತ್ತೋ ಹಾಗೇ, ಅದೇ ಮಗ್ಗುಲು ಕೆಳಗಾಗಿ ಇಡಿ.