ಕೋವಿಗೆ ಕಣ್ಣು, ಕಣ್ಣಿಗೆ ಚಾಳೀಸು

ಕೊಡಗಿನಲ್ಲಿ ಕೈಲ್ ಮುಹೂರ್ತ ಬಂತೆಂದರೆ ಕೋವಿಗಳಿಗೂ ಪೂಜೆ, ನಳಿಗೆಗೆ ತೋಕ್ ಪೂವಿನ ಅಲಂಕಾರ. ಆಮೇಲೆ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಅಲ್ಲಿ ನಲವತ್ತೈದು ದಾಟಿದವರ ಬಾಯಲ್ಲಿ ಒಂದು ದೂರು ಸಾಮಾನ್ಯ: 'ಕಾಯಿ ಚೆನ್ನಾಗಿಯೇ ಕಾಣುತ್ತೆ, ನಳಿಗೆ ತುದಿಯ ಮಣಿಯೇ ಮಸುಕು.' ದೋಷ ಕೋವಿಯದಲ್ಲ, ಕೈಯದೂ ಅಲ್ಲ. ಕಣ್ಣಿನೊಳಗಿರುವ ಮಸೂರದ್ದು.

ಇದನ್ನು ಕೋವಿ ಇಲ್ಲದೆಯೂ ಪರೀಕ್ಷಿಸಬಹುದು. ಒಂದು ಕಣ್ಣು ಮುಚ್ಚಿ, ಕೈ ನೀಳವಾಗಿ ಚಾಚಿ ಹೆಬ್ಬೆರಳನ್ನು ದೂರದ ತೆಂಗಿನ ಮರಕ್ಕೆ ಹಿಡಿಯಿರಿ. ಮರವನ್ನು ದಿಟ್ಟಿಸಿದರೆ ಬೆರಳಿನ ಅಂಚು ಮಸುಕು. ಬೆರಳನ್ನು ದಿಟ್ಟಿಸಿದರೆ ಮರ ಮಸುಕು. ಕಣ್ಣಿನ ಮಸೂರ ಒಮ್ಮೆಗೆ ಒಂದೇ ದೂರದ ವಸ್ತುವನ್ನು ಅಕ್ಷಿಪಟಲದ ಮೇಲೆ ಸ್ಪಷ್ಟವಾಗಿ ಮೂಡಿಸಬಲ್ಲದು. ಎಳೆಯ ವಯಸ್ಸಿನಲ್ಲಿ ಮಸೂರ ಮೆತ್ತಗಿರುವುದರಿಂದ ದೂರದಿಂದ ಹತ್ತಿರಕ್ಕೆ ಕ್ಷಣಾರ್ಧದಲ್ಲಿ ಹೊಂದಿಕೊಳ್ಳುತ್ತದೆ. ನಲವತ್ತು ದಾಟುತ್ತಿದ್ದಂತೆ ಅದು ಬಿರುಸಾಗಿ, ಪತ್ರಿಕೆಯನ್ನು ದೂರ ದೂರ ಹಿಡಿದು ಓದಬೇಕಾಗುತ್ತದೆ. ಅದಕ್ಕೇ ಈ ದೋಷಕ್ಕೆ 'ನಲವತ್ತು' ಎಂಬರ್ಥದ 'ಚಾಳೀಸು' ಎಂಬ ಹೆಸರು.

ರೈಫಲ್ಲಿಗೆ ಹಿಂದೊಂದು, ಮುಂದೊಂದು ಗುರಿಗುರುತು ಇರುತ್ತವೆ. ಚರೆ ಹಾರಿಸುವ ತೋಟಾ ಕೋವಿಗೆ ಸಾಮಾನ್ಯವಾಗಿ ತುದಿಯಲ್ಲೊಂದು ಪುಟ್ಟ ಮಣಿ ಮಾತ್ರ. ಹಿಂದಿನ ಗುರುತು ಹೊಡೆಯುವವನ ಕಣ್ಣೇ. ಕೆನ್ನೆ ಪ್ರತಿ ಸಲವೂ ಹಿಡಿಯ ಮೇಲೆ ಒಂದೇ ಜಾಗದಲ್ಲಿ ಕೂರದಿದ್ದರೆ ಗುರಿ ತಪ್ಪಿದಂತೆಯೇ. ಹಾರುವ ಹಕ್ಕಿಗೆ ಹೊಡೆಯುವಾಗ ಚರೆಗಳು ಹರಡಿಕೊಂಡು ಹೋಗುತ್ತವೆ, ಕಣ್ಣು ಹಕ್ಕಿಯ ಮೇಲಿರುತ್ತದೆ. ಆಗ ಮಣಿ ಮಸುಕಾದರೂ ನಷ್ಟವಿಲ್ಲ. ತೊಂದರೆ ಬರುವುದು ಅದೇ ಕೋವಿಯಲ್ಲಿ ಒಂಟಿ ಗುಂಡು ಹಾಕಿ ನಿಂತ ಗುರಿಗೆ ಹೊಡೆಯುವಾಗ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಮೋಜಿನ ಬೇಟೆ ಮುಗಿದ ಅಧ್ಯಾಯ. ಬೇಟೆಯ ಕೋವಿಗೆ ದೃಷ್ಟಿಸಾಧನ ಆರಿಸುವ ಪ್ರಶ್ನೆ ಏಳುವುದು ಅಮೆರಿಕದಂಥ ದೇಶಗಳಲ್ಲಿ. ಅಲ್ಲಿನ ಇಲಿನಾಯ್‌ನಂಥ ಸಪಾಟು ಹೊಲಗಳ ರಾಜ್ಯಗಳಲ್ಲಿ ರೈಫಲ್ ಗುಂಡು ಬಹುದೂರ ಹೋಗಿ ಯಾರಿಗಾದರೂ ತಗುಲೀತೆಂದು, ಜಿಂಕೆ ಬೇಟೆಗೆ ಬಹುಕಾಲ ರೈಫಲ್ ಬದಲು ತೋಟಾ ಕೋವಿಯನ್ನೇ ಒಪ್ಪಲಾಗಿತ್ತು. ಹೀಗಾಗಿ ಒಂಟಿ ಗುಂಡಿನ ಕೋವಿಗೂ ದೂರದರ್ಶಕ ಏರಿತು.

ದೂರದರ್ಶಕ ಎಂದೊಡನೆ ದೊಡ್ಡದಾಗಿ ತೋರಿಸುವುದೇ ಅದರ ಕೆಲಸವೆಂದು ಭಾವಿಸುತ್ತೇವೆ. ಗುರಿಕಾರನಿಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿದೆ. ಮುಂದಿನ ಪೀನ ಮಸೂರ ದೂರದ ವಸ್ತುವಿನ ಪ್ರತಿಬಿಂಬವನ್ನು ಕೊಳವೆಯೊಳಗೆ ಮೂಡಿಸುತ್ತದೆ. ಅದು ತಲೆಕೆಳಗಾಗಿರುವುದರಿಂದ ಬೇರೆ ಮಸೂರಗಳು ಅದನ್ನು ನೇರ ಮಾಡುತ್ತವೆ. ಪ್ರತಿಬಿಂಬ ಬೀಳುವ ಜಾಗದಲ್ಲೇ ಎರಡು ಎಳೆಗಳನ್ನು ಅಡ್ಡಡ್ಡ ಇಟ್ಟರೆ ಗುರಿ ಮತ್ತು ಗುರುತು ಎರಡೂ ಕಣ್ಣಿಗೆ ಒಂದೇ ದೂರದಲ್ಲಿ ಕಾಣುತ್ತವೆ. ಚಾಳೀಸಿನ ಕಣ್ಣಿಗೂ ಎರಡೂ ಸ್ಪಷ್ಟ. 1640ರ ಸುಮಾರಿಗೆ ಇಂಗ್ಲೆಂಡಿನ ವಿಲಿಯಂ ಗ್ಯಾಸ್ಕಾಯ್ನ್ ಎಂಬಾತನಿಗೆ ಇದು ಹೊಳೆದದ್ದು, ದೂರದರ್ಶಕದೊಳಗೆ ಜೇಡವೊಂದು ಎಳೆದಿದ್ದ ದಾರ ಸ್ಪಷ್ಟವಾಗಿ ಕಂಡಾಗ ಎಂದು ಹೇಳುತ್ತಾರೆ.

ಎರಡನೆಯದು ಕೆಂಪು ಚುಕ್ಕೆಯ ಸಾಧನ. ಇದು ಏನನ್ನೂ ದೊಡ್ಡದು ಮಾಡುವುದಿಲ್ಲ. ಬಾಗಿದ ಗಾಜೊಂದು ಅರ್ಧ ಕನ್ನಡಿ, ಅರ್ಧ ಕಿಟಕಿ. ಅದರ ಸಂಗಮಬಿಂದುವಿನಲ್ಲಿ ಪುಟ್ಟ ಕೆಂಪು ದೀಪ. ಸಂಗಮಬಿಂದುವಿನಿಂದ ಹೊರಟ ಬೆಳಕು ಕನ್ನಡಿಗೆ ತಾಗಿ ಸಮಾಂತರ ಕಿರಣಗಳಾಗಿ ಮರಳುತ್ತದೆಂದು ಹೈಸ್ಕೂಲಿನ ಪಾಠ. ಸಮಾಂತರವಾಗಿ ಬಂದ ಬೆಳಕು ಬಹುದೂರದಿಂದ ಬಂದಂತೆ ಕಾಣುವುದರಿಂದ ಚುಕ್ಕೆ ಗುರಿಯ ಮೇಲೆಯೇ ಇಟ್ಟಂತೆ ತೋರುತ್ತದೆ. ತಲೆ ಕೊಂಚ ಆಚೀಚೆಯಾದರೂ ಗುರಿ ಹೆಚ್ಚು ಕೆಡದು. ಡಬ್ಲಿನ್ ನಗರದ ದೂರದರ್ಶಕ ತಯಾರಕ ಹೊವಾರ್ಡ್ ಗ್ರಬ್ 1900ರಲ್ಲಿ ರೂಪಿಸಿದ ತತ್ತ್ವವಿದು. ಬ್ಯಾಟರಿ ದೀಪದ ಈಗಿನ ರೂಪವನ್ನು 1975ರಲ್ಲಿ ಮಾರುಕಟ್ಟೆಗೆ ತಂದದ್ದು ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ.

ಹಾಗಾದರೆ ಯಾವುದನ್ನು ಆರಿಸಬೇಕು? ಒಂಟಿ ಗುಂಡು ಸಾಮಾನ್ಯವಾಗಿ ನೂರು ಗಜದೊಳಗಿನ ಮಾತು. ಒಂದರಿಂದ ನಾಲ್ಕು ಪಟ್ಟು ವರ್ಧನೆ ಧಾರಾಳ. ವರ್ಧನೆ ಹೆಚ್ಚಿದಷ್ಟೂ ಕಾಣುವ ಹರವು ಕಿರಿದಾಗುತ್ತದೆ, ಕೈಯ ನಡುಕವೂ ಅಷ್ಟೇ ದೊಡ್ಡದಾಗುತ್ತದೆ. ಕೊಳವೆಯ ಮೇಲಿನ '4x32' ಎಂಬುದರ ಅರ್ಥ ನಾಲ್ಕು ಪಟ್ಟು ವರ್ಧನೆ, ಮುಂದಿನ ಮಸೂರದ ವ್ಯಾಸ 32 ಮಿ.ಮೀ. 32ನ್ನು 4ರಿಂದ ಭಾಗಿಸಿದರೆ 8. ಕಣ್ಣಿಗೆ ಬಂದು ಸೇರುವ ಬೆಳಕಿನ ಕಂಬದ ದಪ್ಪ ಇಷ್ಟು ಮಿ.ಮೀ. ಕತ್ತಲಲ್ಲಿ ಎಳೆಯರ ಪಾಪೆ ಸುಮಾರು 7 ಮಿ.ಮೀ. ಅರಳುತ್ತದೆ, ವಯಸ್ಸಾದವರದು 5ರ ಆಸುಪಾಸು. ಅದೇ ಮಸೂರದಲ್ಲಿ ವರ್ಧನೆಯನ್ನು 9ಕ್ಕೆ ಏರಿಸಿದರೆ ಕಂಬ ಮೂರೂವರೆಗೆ ಇಳಿದು ಮುಸ್ಸಂಜೆಯ ನೋಟ ಮಬ್ಬಾಗುತ್ತದೆ.

ಮತ್ತೊಂದು ಲೆಕ್ಕ ಹಿಂದೊದೆತದ್ದು. ಹನ್ನೆರಡು ಬೋರಿನ ಕೋವಿ ಒದೆಯುವಾಗ ದೂರದರ್ಶಕದ ಅಂಚು ಹುಬ್ಬನ್ನು ಸೀಳಬಲ್ಲದು. ಕಣ್ಣಿಗೂ ಗಾಜಿಗೂ ಸುಮಾರು ನಾಲ್ಕು ಅಂಗುಲವಾದರೂ ಅಂತರ ಬಿಡುವಂಥದ್ದೇ ಕ್ಷೇಮ. ಕೆಂಪು ಚುಕ್ಕೆಗೆ ಈ ಕಟ್ಟುಪಾಡಿಲ್ಲ, ಎರಡೂ ಕಣ್ಣು ತೆರೆದೇ ನೋಡಬಹುದು. ಅದರಲ್ಲಿ ಗಮನಿಸಬೇಕಾದ್ದು ಚುಕ್ಕೆಯ ಗಾತ್ರ. ಮೂರು ಕೋನಮಿನಿಟಿನ ಚುಕ್ಕೆ ನೂರು ಗಜದಲ್ಲಿ ಸುಮಾರು ಮೂರು ಅಂಗುಲ ಜಾಗ ಮುಚ್ಚುತ್ತದೆ, ಐವತ್ತು ಗಜದಲ್ಲಿ ಒಂದೂವರೆ. ಚುಕ್ಕೆ ಒಡೆದ ನಕ್ಷತ್ರದಂತೆಯೋ ಬಾಲವಿದ್ದಂತೆಯೋ ಕಂಡರೆ ಸಾಧನವನ್ನು ಬೈಯುವ ಮೊದಲು ಕಣ್ಣು ಪರೀಕ್ಷಿಸಿಕೊಳ್ಳಬೇಕು. ಅದು ಕಣ್ಣಿನ ಮುಂಭಾಗದ ಬಾಗು ಒಂದೇ ಸಮನಾಗಿಲ್ಲದಿರುವುದರ ಲಕ್ಷಣವಿರಬಹುದು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಕೆಲಸಕ್ಕೆ ಇವು ಯಾವುವೂ ಸಲ್ಲ. ಪೊದೆಯಲ್ಲಿ ಅಲುಗುತ್ತಿರುವುದು ಏನೆಂದು ತಿಳಿಯಲು ಕೋವಿಯ ದೂರದರ್ಶಕದಲ್ಲಿ ನೋಡುವುದೆಂದರೆ, ಅಲ್ಲಿರುವುದರ ಕಡೆಗೆ ಕೋವಿಯ ಬಾಯನ್ನೇ ತಿರುಗಿಸಿದಂತೆ. ಕಾಡುಹಂದಿ ಎಂದು ಭ್ರಮಿಸಿ ಮನುಷ್ಯನಿಗೇ ಗುಂಡು ಹೊಡೆದ ಸುದ್ದಿ ನಮ್ಮ ಮಲೆನಾಡಿನಿಂದಲೂ ಆಗಾಗ ಬರುತ್ತದೆ. ಮಬ್ಬು ಬೆಳಕಿನಲ್ಲಿ ಕಣ್ಣು ಬಣ್ಣವನ್ನು ಕಳೆದುಕೊಂಡು ಆಕಾರವನ್ನಷ್ಟೇ ಕೊಡುತ್ತದೆ. ಉಳಿದದ್ದನ್ನು ಮನಸ್ಸು ತಾನು ಕಾಯುತ್ತಿದ್ದ ರೂಪದಲ್ಲಿ ತುಂಬಿಕೊಳ್ಳುತ್ತದೆ. ಗುರುತು ಹಿಡಿಯಲು ಬೈನಾಕ್ಯುಲರ್ ಇದೆ. ಅದರಲ್ಲೂ ಖಚಿತವಾಗದಿದ್ದರೆ ಬೆರಳು ಕುದುರೆಯ ಹತ್ತಿರವೂ ಸುಳಿಯಕೂಡದು.

ತೆಂಗಿನಕಾಯಿಯ ಮುಂದೆ ನಿಂತವರಿಗೆ ಇಷ್ಟು ಭಯವಿಲ್ಲ. ಅಲ್ಲಿ ಗುರಿ ತಪ್ಪಿದರೆ ಹೋಗುವುದು ಬಹುಮಾನ ಮಾತ್ರ. ಆದರೂ ಮಣಿ ಮಸುಕಾಯಿತೆಂದು ಗೊಣಗುವವರು ಕೋವಿಯನ್ನು ರಿಪೇರಿಗೆ ಒಯ್ಯುವ ಮೊದಲು ಒಮ್ಮೆ ಕಣ್ಣಿನ ಡಾಕ್ಟರರನ್ನು ಕಾಣಲಿ. ಚಾಳೀಸಿನ ಜೊತೆಗೆ ಪೊರೆಯೂ ಶುರುವಾಗಿದ್ದರೆ ಅದೂ ಆಗಲೇ ಗೊತ್ತಾಗುತ್ತದೆ.