ಕಾರು ಕೊಳ್ಳುವಾಗ ಹೆಸರಿಗೆ ಮಾರುಹೋಗಬೇಡಿ

‘ನಮ್ಮನೇಲಿ ಮೊದಲಿಂದಲೂ ಮಾರುತಿನೇ’ ಅಂತ ಯಜಮಾನರು, ‘ಟೊಯೋಟಾ ಅಂದ್ರೆ ಗಟ್ಟಿ’ ಅಂತ ಮೈದುನ. ಹೊಸ ಕಾರಿನ ಮಾತು ಬಂದರೆ ನಿಮ್ಮನೇಲೂ ಇದೇ ವಾದ ಅಲ್ವಾ? ಆದರೆ ಒಂದು ವಿಷಯ ಗೊತ್ತಿರಲಿ. 2022ರಲ್ಲಿ ಬಂದ ಮಾರುತಿ ಗ್ರಾಂಡ್ ವಿಟಾರಾ, ಟೊಯೋಟಾ ಹೈರೈಡರ್ ಎರಡೂ ಆಗ ತಯಾರಾದದ್ದು ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲೇ. ಮೈಲ್ಡ್ ಹೈಬ್ರಿಡ್ ಆದರೆ ಎಂಜಿನ್ ಸುಜುಕಿಯದು, ಸ್ಟ್ರಾಂಗ್ ಹೈಬ್ರಿಡ್ ಆದರೆ ಟೊಯೋಟಾದ್ದು. ಮುಂದೆ ಯಾವ ಲಾಂಛನ ಇದ್ದರೂ ಅಷ್ಟೇ! ಕ್ರೆಟಾದ ಹ್ಯುಂಡೈ, ಸೆಲ್ಟೋಸ್‌ನ ಕಿಯಾ ಕೂಡ ಒಂದೇ ಬಳಗದವು.

ಹಾಗಾದರೆ ನೋಡಬೇಕಾದ್ದೇನು?

ತೆರಿಗೆ: 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿಗಿಂತ ಉದ್ದದ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ. 40. ನಾಲ್ಕು ಮೀಟರ್, 1200 ಸಿಸಿ ಮೀರದಿದ್ದರೆ ಶೇ. 18. ಬ್ರೆಜಾ ಗಿಡ್ಡವಾದ್ರೂ 1.5 ಲೀಟರ್ ಎಂಜಿನ್ ಇರೋದ್ರಿಂದ ಶೇ. 40.

ಸರ್ವಿಸ್: ಹಬ್ಬಕ್ಕೆ, ಜಾತ್ರೆಗೆ ಅಬಲೂರಿನಂಥ ಊರಿಗೆ ಹೋಗೋರು, ಅಲ್ಲಿಂದ ಯಾವ ಕಂಪನಿಯ ಸರ್ವಿಸ್ ಸೆಂಟರ್ ಹತ್ತಿರ ಅಂತ ಮೊದಲೇ ವಿಚಾರಿಸಿ.

ಅನುಕೂಲ: ಮಂಡಿನೋವಿನ ಅತ್ತೆಯವರನ್ನು ಒಮ್ಮೆ ಹತ್ತಿಸಿ, ಇಳಿಸಿ ನೋಡಿ.

ಕಂತು: ಐದಾರು ವರ್ಷ ಮನೆಖರ್ಚು ತೂಗಿಸೋರು ನೀವೇ ತಾನೆ? ಶೋರೂಮಿಗೆ ನೀವೂ ಹೋಗಿ. ಎರಡೂ ಕಡೆ ಆನ್‌ರೋಡ್ ಬೆಲೆ, ವಾರಂಟಿ ಬರೆಸಿಕೊಂಡು ಬನ್ನಿ. ಆಮೇಲೆ ವಾದ ಮಾಡಲಿ ಬಿಡಿ!