ಯಂತ್ರವನ್ನು ಕೊಟ್ಟೆವು, ವಿವೇಕವನ್ನು ಕೊಟ್ಟೆವೆ?

ಕೌಶಲ ಬೇರೆ, ವಿದ್ಯೆ ಬೇರೆ. ಈ ಎರಡನ್ನೂ ಒಂದೆಂದು ಎಣಿಸುವ ಭ್ರಮೆ ನಮ್ಮ ಶಿಕ್ಷಣಕ್ಷೇತ್ರಕ್ಕೆ ಹೊಸದಲ್ಲವಾದರೂ, ಮೊಬೈಲು ಮತ್ತು ಅಂತರ್ಜಾಲಗಳು ಮನೆಮನೆಯನ್ನು ಹೊಕ್ಕ ಮೇಲೆ ಅದು ಅಪಾಯಕಾರಿಯಾಗಿ ಬೆಳೆದಿದೆ. ಹತ್ತು ವರ್ಷದ ಬಾಲಕನು ಒಂದು ಚಿತ್ರವನ್ನು ತೆಗೆದು ಕ್ಷಣಾರ್ಧದಲ್ಲಿ ನೂರು ಜನರಿಗೆ ಕಳುಹಿಸಿದರೆ ತಂದೆತಾಯಿಗಳು ಹಿಗ್ಗುತ್ತಾರೆ. ಶಾಲೆಯ ಒಂದು ಕೋಣೆಯಲ್ಲಿ ಹತ್ತು ಗಣಕಯಂತ್ರಗಳನ್ನು ಇರಿಸಿದ ಆಡಳಿತ ಮಂಡಳಿಯವರು ‘ನಮ್ಮದು ಡಿಜಿಟಲ್ ಶಾಲೆ’ ಎಂದು ಫಲಕ ತೂಗಹಾಕುತ್ತಾರೆ. ಆದರೆ ಆ ಚಿತ್ರ ಯಾರದು, ಅದನ್ನು ಕಳುಹಿಸಲು ಅವರ ಒಪ್ಪಿಗೆ ಇತ್ತೆ, ಅದು ನಿಜವೆ, ಅದರಿಂದ ಯಾರಿಗಾದರೂ ಕೇಡಾದೀತೆ ಎಂಬ ನಾಲ್ಕು ಪ್ರಶ್ನೆಗಳನ್ನು ಆ ಬಾಲಕನಿಗೆ ಕಲಿಸಿದವರು ಯಾರು? ಡಿಜಿಟಲ್ ನಾಗರಿಕತೆಯ ಮೊದಲ ಪಾಠ ಈ ನಾಲ್ಕು ಪ್ರಶ್ನೆಗಳೇ. ಅದನ್ನು ಕಲಿಸದ ಶಾಲೆಯು, ಅಲ್ಲಿ ಎಷ್ಟೇ ಯಂತ್ರಗಳಿರಲಿ, ಅರ್ಧ ಶಾಲೆ ಎಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಮಾತೇಕೆ ಎಂದು ಕೆಲವರು ಕೇಳಬಹುದು. ಅಂಥವರು 2018ರ ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ನಡೆದುದನ್ನು ನೆನೆಯಬೇಕು. ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಕೆಲವು ಗೆಳೆಯರು ದಾರಿಯಲ್ಲಿ ಶಾಲಾಮಕ್ಕಳಿಗೆ ಚಾಕೊಲೇಟು ಕೊಟ್ಟರು. ಅಕ್ಕರೆಯಿಂದ ಕೊಟ್ಟ ಆ ಸಿಹಿಯೇ ಅವರಿಗೆ ಮುಳುವಾಯಿತು. ಮಕ್ಕಳ ಕಳ್ಳರು ತಿರುಗುತ್ತಿದ್ದಾರೆಂಬ ವದಂತಿ ಆಗಲೇ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿತ್ತು. ಇವರೇ ಆ ಕಳ್ಳರೆಂದು ಬಗೆದು ಯಾರೋ ವಿಡಿಯೋ ತೆಗೆದು ಗುಂಪಿಗೆ ಹಾಕಿದರು. ಕಾರು ಮುಂದಿನ ಊರನ್ನು ಮುಟ್ಟುವ ಮೊದಲೇ ಸಂದೇಶ ಮುಟ್ಟಿತ್ತು. ರಸ್ತೆಯನ್ನು ಕಟ್ಟಿ ಜನ ಕಾದು ನಿಂತಿದ್ದರು. ಬಿಡಿಸಲು ಹೋದ ಪೊಲೀಸರೂ ಪೆಟ್ಟು ತಿಂದರು. ಸಾಫ್ಟ್‌ವೇರ್ ಇಂಜಿನಿಯರನಾಗಿದ್ದ ಒಬ್ಬ ಯುವಕನು ಜನರ ಹೊಡೆತದಿಂದ ಪ್ರಾಣ ಬಿಟ್ಟನು; ಜೊತೆಯವರು ತೀವ್ರವಾಗಿ ಗಾಯಗೊಂಡರು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬನನ್ನು, ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯಲ್ಲಿ ಅಲೆಮಾರಿ ಸಮುದಾಯದ 5 ಜನರನ್ನು ಇಂಥದೇ ವದಂತಿ ಬಲಿ ತೆಗೆದುಕೊಂಡಿತ್ತು.

ಬೀದರ ಜಿಲ್ಲೆಯೆಂದರೆ ಬಸವಕಲ್ಯಾಣವಿರುವ ಜಿಲ್ಲೆ. ನುಡಿಯನ್ನು ಅಳೆದು ತೂಗಿ ಆಡಬೇಕೆಂದು ಹನ್ನೆರಡನೆಯ ಶತಮಾನದಲ್ಲಿ ಶರಣರು ಕೂಡಿ ಚಿಂತಿಸಿದ ನೆಲದಲ್ಲಿಯೇ ಅಳೆಯದ ಒಂದು ನುಡಿ ಅತಿಥಿಯೊಬ್ಬನ ಜೀವ ತೆಗೆಯಿತು. ಹೊಡೆದವರು ಹುಟ್ಟಾ ಪಾತಕಿಗಳಲ್ಲ. ತಮ್ಮ ಮಕ್ಕಳ ಮೇಲಣ ಪ್ರೀತಿಯಿಂದಲೇ ಕುರುಡರಾದ ನಮ್ಮ ನಿಮ್ಮಂಥ ಹಳ್ಳಿಯ ಜನ. ಮೊಬೈಲು ಬಳಸಲು ಅವರಿಗೆ ಬರುತ್ತಿರಲಿಲ್ಲವೆ? ಚೆನ್ನಾಗಿ ಬರುತ್ತಿತ್ತು. ಬಂದ ಸಂದೇಶವನ್ನು ಒಂದು ಗಳಿಗೆ ತಡೆದು ಕೇಳಬೇಕೆಂಬುದನ್ನು ಮಾತ್ರ ಅವರಿಗೆ ಯಾರೂ ಕಲಿಸಿರಲಿಲ್ಲ.

ಆ ದಿನಗಳಲ್ಲಿ ದೇಶದ ತುಂಬ ಹರಡಿದ ಒಂದು ವಿಡಿಯೋವಿನ ವೃತ್ತಾಂತವನ್ನು ಪ್ರತಿಯೊಂದು ಶಾಲೆಯಲ್ಲಿಯೂ ಹೇಳಬೇಕು. ಬೈಕಿನಲ್ಲಿ ಬಂದ ಇಬ್ಬರು ಆಟವಾಡುತ್ತಿದ್ದ ಬಾಲಕನನ್ನು ಎತ್ತಿಕೊಂಡು ಹೋಗುವ ದೃಶ್ಯ ಅದರಲ್ಲಿತ್ತು. ವಾಸ್ತವವಾಗಿ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಯ ಬಗೆಗೆ ಜಾಗೃತಿ ಮೂಡಿಸಲು ತಯಾರಿಸಿದ ಚಿತ್ರ. ಅದರ ಕೊನೆಯಲ್ಲಿ ಅವರೇ ಹಿಂದಿರುಗಿ ಬಾಲಕನನ್ನು ಇಳಿಸಿ, ಮಕ್ಕಳ ಮೇಲೆ ಕಣ್ಣಿಡಿರೆಂಬ ಫಲಕವನ್ನು ತೋರಿಸುತ್ತಾರೆ. ಯಾರೋ ದುರುಳರು ಆ ಕೊನೆಯನ್ನು ಕತ್ತರಿಸಿ ಬಿಟ್ಟರು. ಮಕ್ಕಳನ್ನು ಕಾಯಲೆಂದು ಮಾಡಿದ ಚಿತ್ರವೇ ನಿರಪರಾಧಿಗಳನ್ನು ಕೊಲ್ಲುವ ಆಯುಧವಾಯಿತು. ಕಣ್ಣಾರೆ ಕಂಡದ್ದು ಸುಳ್ಳಾಗದೆಂದು ನಂಬಿ ಬೆಳೆದ ಸಮಾಜಕ್ಕೆ, ಕಂಡದ್ದರ ಹಿಂದೆಮುಂದೆ ಏನನ್ನು ಕತ್ತರಿಸಲಾಗಿದೆ ಎಂದು ಕೇಳುವ ಅಭ್ಯಾಸವನ್ನು ಹೊಸದಾಗಿಯೇ ಮಾಡಿಸಬೇಕಾಗಿದೆ.

ಕಂಪನಿಗಳು ಮತ್ತು ಸರ್ಕಾರ ಇದನ್ನು ನೋಡಿಕೊಳ್ಳುತ್ತವೆ ಎಂಬ ನಂಬಿಕೆಯೂ ಹುಸಿ. 2012ರ ಆಗಸ್ಟಿನಲ್ಲಿ ಸುಳ್ಳು ಸಂದೇಶಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನರು ಬೆಂಗಳೂರಿನಿಂದ ರೈಲು ಹತ್ತಿದಾಗ, ಕೇಂದ್ರ ಸರ್ಕಾರವು ಸಾಮೂಹಿಕ ಸಂದೇಶಗಳನ್ನು 15 ದಿನ ನಿರ್ಬಂಧಿಸಿತು. 2018ರಲ್ಲಿ ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗೆ ಮಾತ್ರ ಮುಂದೂಡಬಹುದೆಂದಿತು. 2020ರಲ್ಲಿ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಎಂದಿತು. ಈ ಕ್ರಮಗಳು ಒಳ್ಳೆಯವೇ. ಆದರೆ ಸುಳ್ಳನ್ನು ಹರಡಲು ಒಬ್ಬೊಬ್ಬರಿಗೆ ಒಂದೊಂದು ಅವಕಾಶವಿದ್ದರೂ ಸಾಕು. ಹಿಂದೆ ಅಂಚೆಯ ಕಾರ್ಡಿನಲ್ಲಿ, ಇದನ್ನು ಇಷ್ಟು ಜನಕ್ಕೆ ಬರೆದು ಕಳುಹಿಸದಿದ್ದರೆ ಮನೆಗೆ ಕೇಡು ಎಂಬ ಒಕ್ಕಣೆ ಬರುತ್ತಿದ್ದುದನ್ನು ಹಿರಿಯರು ಬಲ್ಲರು. ಅಷ್ಟೂ ಪ್ರತಿಗಳನ್ನು ಕೈಯಾರೆ ಬರೆಯುವ ಬೇಸರವೇ ಅಂದು ಮೂಢತನಕ್ಕೆ ಒಂದು ತಡೆಯಾಗಿತ್ತು. ಇಂದು ಆ ತಡೆಯಿಲ್ಲ. ಹೊರಗಿನ ತಡೆ ಇಲ್ಲವಾದಾಗ ಒಳಗಿನ ತಡೆಯನ್ನು ಬೆಳೆಸುವುದಲ್ಲದೆ ಗತ್ಯಂತರವಿಲ್ಲ.

ಅಕ್ಷರ ಕಲಿತವರಿಂದ ಈ ಬಾಧೆ ಇಲ್ಲವೆಂದೂ ತಿಳಿಯಬೇಕಾದುದಿಲ್ಲ. 2023ರ ನವೆಂಬರಿನಲ್ಲಿ ಕೊಡಗಿನ ಚಿತ್ರನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಇನ್ನೊಬ್ಬ ಮಹಿಳೆಯ ದೇಹಕ್ಕೆ ಜೋಡಿಸಿದ ವಿಡಿಯೋ ಹರಡಿತು. ಮರುವರ್ಷದ ಜನವರಿಯಲ್ಲಿ ದಿಲ್ಲಿ ಪೊಲೀಸರು ಬಂಧಿಸಿದ ಆರೋಪಿಯು ಇಂಜಿನಿಯರಿಂಗ್ ಓದಿದ ತರುಣ. ತಾನು ನಡೆಸುತ್ತಿದ್ದ ಪುಟಕ್ಕೆ ಹಿಂಬಾಲಕರನ್ನು ಹೆಚ್ಚಿಸಿಕೊಳ್ಳಲೆಂದು ಅವನು ಹೀಗೆ ಮಾಡಿದನೆಂದು ಪೊಲೀಸರು ತಿಳಿಸಿದರು. ಒಬ್ಬ ಹೆಣ್ಣುಮಗಳ ಮಾನಕ್ಕೆ ಕಟ್ಟಿದ ಬೆಲೆ ಇದು! ಪರರ ಮಾನವೂ ತನ್ನ ಮಾನದಂತೆಯೇ ಎಂಬ ಪಾಠವು ಯಾವ ಇಂಜಿನಿಯರಿಂಗ್ ಪಠ್ಯಕ್ರಮದಲ್ಲಿದೆ?

ಇನ್ನು ಮೊಬೈಲನ್ನೇ ಕಿತ್ತುಕೊಳ್ಳಿರಿ ಎಂಬ ಪಕ್ಷ. ಆಸ್ಟ್ರೇಲಿಯಾ ದೇಶವು 2024ರಲ್ಲಿ ಕಾನೂನು ಮಾಡಿ, 2025ರ ಡಿಸೆಂಬರ್ 10ರಿಂದ 16 ವರ್ಷ ತುಂಬದವರಿಗೆ ಸಾಮಾಜಿಕ ಜಾಲತಾಣಗಳ ಖಾತೆಯನ್ನು ನಿಷೇಧಿಸಿದೆ. ಎಳೆಯರನ್ನು ಕಾಪಾಡುವ ಆ ಕಳಕಳಿಯನ್ನು ನಾವು ಗೌರವಿಸುತ್ತೇವೆ. ಆದರೆ ಹದಿನಾರು ತುಂಬಿದ ಮರುದಿನ ಆ ಹುಡುಗನಿಗೆ ವಿವೇಕ ತಾನಾಗಿ ಬರುವುದೆ? ಈಜು ಕಲಿಸದೆ ಹದಿನಾರು ವರ್ಷ ದಡದಲ್ಲಿ ಕೂರಿಸಿ, ಬಳಿಕ ಒಮ್ಮೆಲೇ ಹೊಳೆಗೆ ಬಿಟ್ಟಂತಾಗುತ್ತದೆ. ಮೇಲಾಗಿ ನಮ್ಮ ಹಳ್ಳಿಗಳಲ್ಲಿ ಇಡೀ ಮನೆಗೆ ಒಂದೇ ಫೋನು ಇರುವುದುಂಟು. ತಂದೆಯ ಖಾತೆಯಲ್ಲಿಯೇ ಮಗನ ಆಟ. ಅಲ್ಲಿ ನಿಷೇಧಿಸುವುದು ಯಾರನ್ನು? 2020ರಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದಾಗ, ಸಾಲ ಮಾಡಿಯಾದರೂ ಮಗುವಿಗೆ ಫೋನು ಕೊಡಿಸಿರೆಂದು ಪಾಲಕರಿಗೆ ಹೇಳಿದವರು ವಿದ್ಯಾಸಂಸ್ಥೆಗಳವರೇ ಅಲ್ಲವೆ? ಅಂದು ಅನಿವಾರ್ಯವೆಂದು ಕೊಡಿಸಿ, ಇಂದು ಅನಿಷ್ಟವೆಂದು ಬೈಯುವುದು ನ್ಯಾಯವಲ್ಲ.

ನಿಷೇಧದಲ್ಲಿ ಇನ್ನೂ ಒಂದು ಕೇಡಿದೆ. ಬರಿಯ ಬೈಗುಳ ಮತ್ತು ಕಸಿದುಕೊಳ್ಳುವಿಕೆಗಳಿಂದ ಮಕ್ಕಳು ಬಿಡುವುದನ್ನು ಕಲಿಯುವುದಿಲ್ಲ, ಬಚ್ಚಿಡುವುದನ್ನು ಕಲಿಯುತ್ತಾರೆ. ತಿರುಚಿದ ಚಿತ್ರವನ್ನು ತೋರಿಸಿ ಒಬ್ಬ ಬಾಲಕಿಯನ್ನು ಯಾರಾದರೂ ಬೆದರಿಸಿದರೆ ಅವಳು ಮೊದಲು ಓಡಿ ಬರಬೇಕಾದುದು ತಾಯಿಯ ಬಳಿಗೆ, ಶಿಕ್ಷಕಿಯ ಬಳಿಗೆ. ಫೋನು ಮುಟ್ಟಿದ್ದಕ್ಕೇ ಮೊದಲು ತನಗೆ ಶಿಕ್ಷೆಯಾದೀತೆಂದು ಆಕೆ ಹೆದರಿದರೆ, ಆ ಬೆದರಿಸುವವನಿಗೆ ನಾವೇ ಬೆಂಬಲ ಕೊಟ್ಟಂತೆ. ಹಣದ ಮೋಸಗಳಿಗೆ 1930 ಎಂಬ ಸಹಾಯವಾಣಿಯನ್ನು ಸರ್ಕಾರ ಇರಿಸಿದೆ. ಆದರೆ ಅಂಥ ಆಪತ್ತಿನಲ್ಲಿ ಮನೆಯ ಹಿರಿಯರು ಬೈಯದೆ ಕೇಳುತ್ತಾರೆಂಬ ಭರವಸೆಗಿಂತ ಹೆಚ್ಚಿನ ಸಹಾಯವಾಣಿ ಮಗುವಿಗೆ ಇನ್ನೊಂದಿಲ್ಲ.

ಹಾಗಾದರೆ ಕಲಿಸುವುದು ಹೇಗೆ? ವರ್ಷಕ್ಕೊಮ್ಮೆ ಒಬ್ಬ ಅಧಿಕಾರಿಯನ್ನು ಕರೆಸಿ, ಹಾರ ಹಾಕಿ, ಭಾಷಣ ಮಾಡಿಸಿ ಕೈತೊಳೆದುಕೊಳ್ಳುವುದು ಶಿಕ್ಷಣವಲ್ಲ. 2017ರಲ್ಲಿ ದಡಾರ ಮತ್ತು ರುಬೆಲ್ಲ ಲಸಿಕೆಯ ಬಗೆಗೆ ಹಬ್ಬಿದ ಸುಳ್ಳು ಸಂದೇಶಗಳಿಂದ ಪಾಲಕರು ಹಿಂಜರಿದುದನ್ನು ಕಂಡ ಕೇರಳದ ಕಣ್ಣೂರು ಜಿಲ್ಲಾಡಳಿತವು, 2018ರಲ್ಲಿ ‘ಸತ್ಯಮೇವ ಜಯತೇ’ ಎಂಬ ಕಾರ್ಯಕ್ರಮವನ್ನು ಆರಂಭಿಸಿ, ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿಯನ್ನು ಗುರುತಿಸುವ ಪಾಠವನ್ನು ಮಾಡಿಸಿತು. ಫಿನ್ಲೆಂಡ್ ದೇಶದಲ್ಲಿ 2016ರಿಂದ ಜಾರಿಗೆ ಬಂದ ಪಠ್ಯಕ್ರಮವು ಇದನ್ನು ಪ್ರತ್ಯೇಕ ವಿಷಯವಾಗಿ ಇರಿಸದೆ ಎಲ್ಲ ವಿಷಯಗಳಲ್ಲಿಯೂ ಬೆರೆಸಿದೆ. ಈ ಎರಡನೆಯ ಮಾರ್ಗ ನಮಗೂ ಒಗ್ಗತಕ್ಕದ್ದು, ಏಕೆಂದರೆ ಇದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಯಂತ್ರವೂ ಬೇಡ. ಕನ್ನಡದ ಶಿಕ್ಷಕರು ಹರಿದಾಡುತ್ತಿರುವ ಒಂದು ಸಂದೇಶವನ್ನು ಕರಿಹಲಗೆಯ ಮೇಲೆ ಬರೆದು, ಇದರ ಕರ್ತೃ ಯಾರು, ದಿನಾಂಕ ಎಲ್ಲಿ, ಯಾವ ಪದ ನಮ್ಮನ್ನು ಕೆರಳಿಸಲೆಂದು ಇಟ್ಟದ್ದು ಎಂದು ಕೇಳಲಿ. ಇತಿಹಾಸದ ಶಿಕ್ಷಕರು ಶಾಸನವನ್ನು ಪರೀಕ್ಷಿಸುವಂತೆ ಸುದ್ದಿಯ ಮೂಲವನ್ನು ಪರೀಕ್ಷಿಸಲು ಕಲಿಸಲಿ. ಗಣಿತದ ಶಿಕ್ಷಕರು ಅಂಕಿಸಂಖ್ಯೆಗಳು ಸುಳ್ಳು ಹೇಳುವ ಬಗೆಯನ್ನು ತೋರಿಸಲಿ. ಕೃತಕ ಬುದ್ಧಿಮತ್ತೆಯಿಂದ ಬರೆಯಿಸಿ ತಂದ ಪ್ರಬಂಧವನ್ನು ತನ್ನದೆಂದು ಒಪ್ಪಿಸುವುದು ಬೆವರು ಸುರಿಸದೆ ಉಣ್ಣುವ ಅನ್ನವೆಂಬುದು, ಕಾಯಕದ ಹೆಸರು ಹೇಳುವ ಶಾಲೆಗಳಲ್ಲಿ ಓದುವ ಮಕ್ಕಳಿಗೆ ಬೇಗ ತಿಳಿದೀತು.

ಕಲಿಸುವವರೂ ತಮ್ಮ ನಡೆಯನ್ನು ನೋಡಿಕೊಳ್ಳಬೇಕು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 86ರ ವಯಸ್ಸಿನಲ್ಲಿ, 2012ರಲ್ಲಿ, ಸುಪ್ರೀಂ ಕೋರ್ಟಿಗೆ ಹೋದರು. ಅವರ ಪ್ರಕರಣದಲ್ಲಿಯೇ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಮಕ್ಕಳಿಗೂ ಆ ಹಕ್ಕು ಉಂಟು. 2023ರಲ್ಲಿ ಸಂಸತ್ತು ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾನೂನು, 18 ವರ್ಷ ತುಂಬದವರ ವಿವರಗಳನ್ನು ಬಳಸಲು ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಹೀಗಿರಲು ನಾಡಿನ ಎಷ್ಟೋ ಸಂಸ್ಥೆಗಳಲ್ಲಿ ಬಡ ಮಗುವಿಗೆ ನಾಲ್ಕು ನೋಟುಪುಸ್ತಕ ಕೊಡುವಾಗ ಆ ಮಗುವನ್ನು ನಿಲ್ಲಿಸಿ ಚಿತ್ರ ತೆಗೆದು, ಹೆಸರು ಊರುಗಳ ಸಹಿತ ಫೇಸ್‌ಬುಕ್ಕಿಗೆ ಏರಿಸುತ್ತಾರಲ್ಲ, ಇದೆಂಥ ದಾಸೋಹ? ಆ ಮಗು ದೊಡ್ಡದಾದ ಮೇಲೂ ಅದರ ಬಡತನ ಲೋಕದ ಕಣ್ಣೆದುರು ತೂಗುತ್ತಿರಬೇಕೆ? ಒಪ್ಪಿಗೆ ಕೇಳದೆ ಮಕ್ಕಳ ಚಿತ್ರವನ್ನು ಹಂಚುವ ಸಂಸ್ಥೆಗೆ, ಒಪ್ಪಿಗೆ ಕೇಳದೆ ಸಹಪಾಠಿಯ ಚಿತ್ರವನ್ನು ಹಂಚಿದ ವಿದ್ಯಾರ್ಥಿಯನ್ನು ದಂಡಿಸುವ ನೈತಿಕ ಅಧಿಕಾರವಿಲ್ಲ.

ಕೊನೆಯದಾಗಿ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಒಂದು ಮಾತು. ಪ್ರಸಾದ ನಿಲಯಗಳಲ್ಲಿ ಉಂಡು ಓದಿ ಬೆಳೆದ ನೀವು ಇಂದು ವೈದ್ಯರು, ಶಿಕ್ಷಕರು, ಅಧಿಕಾರಿಗಳು, ದೇಶಾಂತರದಲ್ಲಿರುವ ತಂತ್ರಜ್ಞರು. ನಿಮ್ಮ ಗುಂಪುಗಳಲ್ಲಿ ಬೆಳಗಿನಿಂದ ಇರುಳಿನವರೆಗೆ ಹರಿಯುವುದೇನು? ಪರೀಕ್ಷಿಸದ ಮನೆಮದ್ದು, ಮೂಲವಿಲ್ಲದ ಚರಿತ್ರೆ, ಇನ್ನೊಂದು ಜಾತಿಮತದವರ ಮೇಲಣ ಚುಚ್ಚುಮಾತು, ‘ಬಂದುದನ್ನು ಹಾಕಿದ್ದೇನೆ’ ಎಂಬ ಒಂದು ಸಾಲಿನ ಸಮಜಾಯಿಷಿ. ಬಂದುದನ್ನು ಹಾಕಿದೆನೆಂಬುದು ಜವಾಬ್ದಾರಿಯಿಂದ ಬಿಡುಗಡೆಯಲ್ಲ. ಬೀದರಿನ ಆ ಸಂದೇಶವನ್ನು ಮುಂದೂಡಿದವರೂ ಬಂದುದನ್ನೇ ಹಾಕಿದ್ದರು. ನಿಮ್ಮ ಪಕ್ಕದಲ್ಲಿ ಕುಳಿತ ನಿಮ್ಮ ಮಗು ಶಾಲೆಯ ಪಾಠಕ್ಕಿಂತ ನಿಮ್ಮ ಹೆಬ್ಬೆರಳನ್ನು ಹೆಚ್ಚು ಗಮನವಿಟ್ಟು ನೋಡುತ್ತಿರುತ್ತದೆ.

ಆದುದರಿಂದ ಬರುವ ಶಾಲಾವರ್ಷದ ಆರಂಭದಲ್ಲಿಯೇ ನಮ್ಮ ವಿದ್ಯಾಸಂಸ್ಥೆಗಳವರು ವಾರಕ್ಕೆ ಒಂದು ಅವಧಿಯನ್ನಾದರೂ ಈ ಅಭ್ಯಾಸಕ್ಕೆ ಮೀಸಲಿಡಲಿ. ಮೊದಲು ಶಿಕ್ಷಕರಿಗೆ, ಪಾಲಕರ ಸಭೆಯಲ್ಲಿ ತಂದೆತಾಯಿಗಳಿಗೆ, ಆ ಮೇಲೆ ಮಕ್ಕಳಿಗೆ ತಿಳಿಸಲಿ. ಭಕ್ತರೂ ಹಳೆಯ ವಿದ್ಯಾರ್ಥಿಗಳೂ ಎರಡು ನಿಯಮಗಳನ್ನು ಇಂದಿನಿಂದಲೇ ಪಾಲಿಸಲಿ. ತಾನು ಪರೀಕ್ಷಿಸದುದನ್ನು ಕಳುಹಿಸಬಾರದು. ಕಳುಹಿಸಿದ್ದು ಸುಳ್ಳೆಂದು ತಿಳಿದರೆ, ಸದ್ದಿಲ್ಲದೆ ಅಳಿಸಿಹಾಕದೆ, ಅದೇ ಗುಂಪಿನಲ್ಲಿ ‘ಇದು ಸುಳ್ಳು’ ಎಂದು ಬರೆಯಬೇಕು. ಇವು ಕಠಿಣ ವ್ರತಗಳೇನೂ ಅಲ್ಲ. ಇಷ್ಟನ್ನು ಹಿರಿಯರಾದ ನಾವು ಮಾಡಲಾರೆವಾದರೆ, ಮಕ್ಕಳ ಕೈಯಲ್ಲಿರುವ ಯಂತ್ರವನ್ನು ದೂಷಿಸುವ ಹಕ್ಕನ್ನು ಬಿಟ್ಟುಕೊಡಬೇಕು.